ಸಿದ್ದಲಿಂಗವ್ವನ ಕಡಲೆ ಹುಳಿ

ಕಡಲೆ ಹುಳಿ ಎಂದರೇನು ಎಂದು ಈಗಿನ ಹುಡುಗರನ್ನು ಕೇಳಿದರೆ ಅಂಗಡಿಯಲ್ಲಿ ಪುಡಿಕೆ ಕಟ್ಟಿ ಮಾರುವ ತಿಂಡಿ ಅಂದುಕೊಳ್ಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ. ಕಂಡಿಲ್ಲ, ನೆಕ್ಕಿಲ್ಲ. ಹಾಗಾಗಿ ಸಿದ್ದಲಿಂಗವ್ವನ ಕಥೆಗೆ ಮೊದಲು ಹುಳಿಯ ಕಥೆ ಹೇಳಬೇಕು.

ನಮ್ಮ ಎರೆಹೊಲದಲ್ಲಿ ಕಡಲೆ ಹೂವು ಹಿಡಿಯುವ ಹೊತ್ತಿಗೆ ಚಳಿ ಬಿದ್ದಿರುತ್ತದೆ. ಕಡಲೆಯ ಎಲೆ ಹುಟ್ಟಾ ಹುಳಿ. ಗಿಡದ ನಡುವೆ ನಡೆದರೆ ಕಾಲು ಉರಿಯುತ್ತದೆ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಆ ಹುಳಿ ಕರಗಿಕೊಂಡು ನಿಂತಿರುತ್ತದೆ. ಹೊತ್ತು ಹುಟ್ಟುವ ಮೊದಲೇ ಹೋಗಿ, ಬಿಳಿ ಬಟ್ಟೆಯನ್ನು ಗಿಡಗಳ ನೆತ್ತಿಯ ಮೇಲೆ ಹಾಸಿ ಮೆಲ್ಲಗೆ ಎಳೆಯುತ್ತ ನಡೆಯಬೇಕು. ಬಟ್ಟೆ ತೊಯ್ದು ಭಾರವಾದಾಗ ಶೀಸೆಗೆ ಹಿಂಡಬೇಕು. ಹತ್ತು ಸಾಲು ಎಳೆದರೆ ಒಂದು ಬೊಗಸೆ ಸಿಕ್ಕರೆ ಪುಣ್ಯ. ಮೊದಲ ದಿನ ತಿಳಿನೀರಿನ ಹಾಗಿರುವುದು ತಿಂಗಳು ಕಳೆಯುವಷ್ಟರಲ್ಲಿ ಕರಿ ಚಹಾದ ಬಣ್ಣಕ್ಕೆ ಬರುತ್ತದೆ. ಹೊಟ್ಟೆ ಹಿಡಿದರೆ ಅರ್ಧ ಚಮಚ, ಎತ್ತಿನ ಹೊಟ್ಟೆ ಉಬ್ಬಿದರೆ ಅರ್ಧ ಬಟ್ಟಲು. ಬಿಸಿ ರೊಟ್ಟಿಯ ಮೇಲೆ ನಾಲ್ಕು ಹನಿ ಹಾಕಿ, ಉಪ್ಪು ಖಾರ ಉದುರಿಸಿ ತಿಂದವರಿಗೆ ಮತ್ತೇನೂ ಹೇಳಬೇಕಾಗಿಲ್ಲ.

ಕನ್ನೊಳ್ಳಿಯಲ್ಲಿ ಈ ಕೆಲಸ ಸಿದ್ದಲಿಂಗವ್ವನದು. ಹುಟ್ಟಿದ್ದು ಮೋರಟಗಿಯಲ್ಲಿ. ಹದಿನಾರಕ್ಕೆ ನಮ್ಮೂರಿಗೆ ಸೊಸೆಯಾಗಿ ಬಂದಳು. ಹೊಲವಿರಲಿಲ್ಲ, ಊರವರ ಹೊಲಗಳಲ್ಲಿ ದುಡಿದಳು. ಹುಳಿ ಹಿಂಡುವುದನ್ನು ಅತ್ತೆ ಕಲಿಸಿದಳು. ನಾನು ಆಗ ಹತ್ತು ವರ್ಷದವನು. ಒಂದು ಸಲ ಎಳೆ ಜೋಳದ ಹಸಿ ಸೀತನಿ ಮಿತಿಮೀರಿ ತಿಂದು ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಹೊರಳಾಡುತ್ತಿದ್ದೆ. ಹೊಸ ಸೊಸೆ ಸೆರಗು ಬಿಗಿದುಕೊಂಡು ಬಂದು ನನ್ನ ಎದೆಯ ಮೇಲೆ ಮೊಣಕಾಲೂರಿದಳು.

"ಬಾಯಿ ತಗೀತೀಯೋ, ಮೂಗಿನಾಗ ಹಾಕ್ಲ್ಯೋ?"

ತೆಗೆದೆ. ಆ ಹುಳಿ ಇವತ್ತಿಗೂ ನನ್ನ ನಾಲಿಗೆಯ ಬುಡದಲ್ಲಿದೆ.

ಅವಳಿಗೆ ಕೆಲವು ಕಟ್ಟಳೆಗಳಿದ್ದವು. ಬಟ್ಟೆ ತೀರಿಹೋದ ಗಂಡನ ಧೋತರ, ಅದಕ್ಕೆ ಸಾಬೂನು ಮುಟ್ಟಿಸುತ್ತಿರಲಿಲ್ಲ. ಮೊದಲ ಸಲ ಹಿಂಡಿದಾಗ ಒಂದು ಹನಿ ತನ್ನ ನಾಲಿಗೆಗೆ. ಮನೆಯ ಹೊಸ್ತಿಲು ದಾಟಿದ ಮೇಲೆ ಶೀಸೆಗೆ ಬೂಚು ಬಡಿಯುವ ತನಕ ಯಾರ ಹತ್ತಿರವೂ ಒಂದು ಮಾತಿಲ್ಲ. ಎದುರಿಗೆ ಬಂದವರು ಕರೆದರೂ ಇಲ್ಲ. ಮಾತಾಡಿದರೆ ಹುಳಿ ಕೆಡುತ್ತದೆ ಎಂದು ಅತ್ತೆ ಹೇಳಿದ್ದಳಂತೆ. ಇನ್ನೊಂದು, ಯಾರ ಹೊಲಕ್ಕೆ ಹೋಗಲಿಕ್ಕೂ ಅಪ್ಪಣೆ ಕೇಳುತ್ತಿರಲಿಲ್ಲ. ಒಮ್ಮೆ ನಾನು ಚೇಷ್ಟೆಗೆ, "ನನ್ನ ಹೊಲಾ ಹೊಕ್ಕು ಕಳವು ಮಾಡ್ತೀಯಲ್ಲ ಯಕ್ಕಾ?" ಎಂದೆ.

"ಹೊಲಾ ನಿಂದಿರಬೌದೋ ರೇವ್ಯಾ, ಇಬ್ಬನಿ ನಿಮ್ಮಪ್ಪ ಬಿತ್ಯಾನೇನು?" ಎಂದಳು. ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು.

ಒಂದು ಕಾಲಕ್ಕೆ ಅವಳು ಮೂವತ್ತು ಹೊಲ ಸುತ್ತುತ್ತಿದ್ದಳು. ಆಮೇಲೆ ಎಣ್ಣೆ ಬಂತು. ನಮ್ಮಲ್ಲಿ ಹುಳಕ್ಕೆ ಹೊಡೆಯುವ ಔಷಧಕ್ಕೆ ಎಣ್ಣೆ ಎಂದೇ ಹೆಸರು. ಮೊದಲು ಹತ್ತಿಗೆ ಹೊಡೆದರು, ಆಮೇಲೆ ತೊಗರಿಗೆ, ಆಮೇಲೆ ಕಡಲೆಗೆ. ಎಣ್ಣೆ ಬಿದ್ದ ಹೊಲ ಯಾವುದು ಎಂದು ಅವಳು ದೂರದಿಂದಲೇ ಗುರುತಿಸುತ್ತಿದ್ದಳು. ಜೇಡರ ಬಲೆ ನೋಡುತ್ತಿದ್ದಳು. ಇಬ್ಬನಿ ಬಿದ್ದ ಬೆಳಗ್ಗೆ ಒಳ್ಳೆಯ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಬಲೆಗಳು ಬೆಳ್ಳಿಯ ಎಳೆಯ ಹಾಗೆ ಕಾಣುತ್ತವೆ. ಎಣ್ಣೆ ಬಿದ್ದು ನಾಲ್ಕು ದಿನವಾದ ಹೊಲದಲ್ಲಿ ಇಬ್ಬನಿ ಇರುತ್ತದೆ, ಬಲೆ ಇರುವುದಿಲ್ಲ. "ಇದಕ್ಕ ಹೊಡದಾರ" ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದಕ್ಕೆ ಹೋಗುತ್ತಿದ್ದಳು. ಮೂವತ್ತು ಹತ್ತಾಯಿತು, ಹತ್ತು ಮೂರಾಯಿತು. ಕೊನೆಗೆ ಉಳಿದದ್ದು ನನ್ನ ಆರು ಎಕರೆ.

ನಾನು ದೊಡ್ಡ ಮನುಷ್ಯ ಎಂದು ಉಳಿದದ್ದಲ್ಲ. ನನ್ನ ಅಪ್ಪ ಹೊಲದ ತುಂಬ ಕವಲುಗೋಲು ನೆಡುತ್ತಿದ್ದ, ನಾನೂ ನೆಡುತ್ತಿದ್ದೆ. ಕವಲು ಬಾಲದ ಕರಿ ಕಾಜಾಣ ಅದರ ಮೇಲೆ ಕುಳಿತು ದಿನವಿಡೀ ಹುಳ ಹೆಕ್ಕುತ್ತಿತ್ತು. ಗೊರವಂಕಗಳು ಸಾಲಿನಲ್ಲಿ ನಡೆದಾಡಿ ಹೆಕ್ಕುತ್ತಿದ್ದವು. ಅಷ್ಟು ಸಾಕಾಗುತ್ತಿತ್ತು. ಮೇಲಾಗಿ ಎಣ್ಣೆ ಅಂಗಡಿಯವನ ಜೊತೆ ನನಗೆ ಹಳೆಯ ಜಗಳ. "ನನ್ನ ಹೊಲಕ್ಕ ಎಣ್ಣಿ ಬೀಳೂದಿಲ್ಲ, ಬಿದ್ರ ನನ್ನ ಹೆಸರ ಬದಲಾಸ್ರಿ" ಎಂದು ಊರ ಕಟ್ಟೆಯ ಮೇಲೆ ಎಲ್ಲರ ಮುಂದೆ ಹೇಳಿದ್ದೆ. ಸಿದ್ದಲಿಂಗವ್ವ ಕೇಳಿಸಿಕೊಂಡಿದ್ದಳು.

ಈ ಮಾತು ಎರಡು ವರ್ಷದ ಹಿಂದಿನದು. ಆ ಚಳಿಗಾಲಕ್ಕೆ ಅವಳ ಒಬ್ಬಳೇ ಮಗಳು ದಾನೇಶ್ವರಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಕೊಟ್ಟಿದ್ದು ಬಾಗೇವಾಡಿ ತಾಲೂಕಿನ ಮಸೂತಿಗೆ. ಹುಡುಗಿಗೆ ಏಳು ತಿಂಗಳು ತುಂಬಿದ್ದರೂ ಅನ್ನ ಮೂಸಿದರೆ ವಾಂತಿ, ರೊಟ್ಟಿ ಕಂಡರೆ ವಾಂತಿ. ಕೈಕಾಲು ಕಡ್ಡಿಯಾಗಿದ್ದವು. ಅವಳ ಬಯಕೆ ಒಂದೇ, ಕಡಲೆ ಹುಳಿ. ಅದಿದ್ದರೆ ಎರಡು ರೊಟ್ಟಿ ಒಳಗೆ ಹೋಗುತ್ತಿತ್ತು. ಹಿಂದಿನ ವರ್ಷದ ಶೀಸೆ ಅವಳು ಬಂದ ಹದಿನೈದು ದಿನಕ್ಕೆ ಬರಿದಾಯಿತು.

ನಿಂಬೆಕಾಯಿ ವ್ಯಾಪಾರಕ್ಕೆ ಇಂಡಿಗೆ ಹೋಗಿಬರುವ ಅಳಿಯ ಒಂದು ಚೀಲ ನಿಂಬೆ ಹೊತ್ತುಕೊಂಡು ಬಂದ. ದಾನೇಶ್ವರಿ ಒಂದನ್ನು ಕಚ್ಚಿ ಕೆಳಗಿಟ್ಟಳು.

"ಯಾಕವ್ವಾ, ಹುಳಿ ಇಲ್ಲೇನು?" ಎಂದಳು ತಾಯಿ.

"ಹುಳಿ ಐತಿ. ಹೊಲದ ವಾಸನಿ ಇಲ್ಲ."

ಸಿದ್ದಲಿಂಗವ್ವ ಮುದ್ದೇಬಿಹಾಳದ ಕಡೆಯ ನಾದಿನಿಗೆ ಫೋನು ಮಾಡಿಸಿ ಕೇಳಿದಳು. ಅಲ್ಲೂ ಎಣ್ಣೆ ಹೊಡೆದಿದ್ದರು. ಮೋರಟಗಿಯ ಅಣ್ಣಂದಿರಿಗೆ ಕೇಳಿದಳು, ಅವರು ಕಡಲೆ ಬಿಟ್ಟು ಕಬ್ಬು ಹಾಕಿದ್ದರು. ಇನ್ನು ನನ್ನ ಹೊಲ ಒಂದೇ. ಮೋಡ ಹರಿದು ಇಬ್ಬನಿ ಬೀಳುವುದನ್ನು ತಾಯಿ ಮಗಳಿಬ್ಬರೂ ದಾರಿ ಕಾಯುತ್ತಿದ್ದರು. ದಾನೇಶ್ವರಿ ಬಾಗಿಲಲ್ಲಿ ಕುಳಿತು ದಿನಾ ಮುಗಿಲು ನೋಡುವುದು, ನಾನು ಹೋಗುವಾಗ "ಕಾಕಾ, ನಾಳೆ ಬೀಳ್ತೈತೇನು?" ಎಂದು ಕೇಳುವುದು.

ಬಿದ್ದದ್ದು ಹುಳ. ನಾಲ್ಕು ದಿನ ಮೋಡ ಕವಿದು ಸೆಕೆ ಹಿಡಿಯಿತು. ಕಾಯಿ ಕೊರೆಯುವ ಹಸಿರು ಹುಳ ಒಂದು ಗಿಡಕ್ಕೆ ಐದು, ಆರು. ಮರುದಿನ ಎಣಿಸಲಿಕ್ಕೇ ಆಗಲಿಲ್ಲ. ಹೊಲದಲ್ಲಿ ನಿಂತರೆ ಹುಳ ತಿನ್ನುವ ಸಪ್ಪಳ ಕೇಳಿಸುತ್ತಿದೆ ಎನ್ನಿಸುತ್ತಿತ್ತು. ಕಾಜಾಣಗಳು ಕುತ್ತಿಗೆಯ ತನಕ ತಿಂದು ಗೋಲಿನ ಮೇಲೆ ಸುಮ್ಮನೆ ಕುಳಿತಿದ್ದವು. ನನ್ನ ತಲೆ ಕೆಟ್ಟಿತು. ಮೋಟರ್ ಸೈಕಲ್ ಹತ್ತಿ ಸಿಂದಗಿಗೆ ಹೋದೆ. ಅಂಗಡಿಯ ಮುಂದೆ ನನ್ನಂಥವರೇ ಸಾಲು ನಿಂತಿದ್ದರು.

"ಇದು ತುರ್ತಿನ ಮಾತೈತ್ರಿ," ಎಂದ ಅಂಗಡಿಯವನು. "ಒಂದ ಎಣ್ಣಿಗೆ ಬಗ್ಗೂದಿಲ್ಲ. ಮೂರೂ ಕೂಡಿಸಿ ಇವತ್ತ ಹೊಡೀರಿ. ನಾಳೆ ಬಂದ್ರ ನಾ ಏನೂ ಮಾಡಾಂಗಿಲ್ಲ."

"ಕೂಡಿಸಿ ಹೊಡದ್ರ ಏನೂ ಆಗೂದಿಲ್ಲೇನು?"

"ಹುಳಾ ಸಾಯ್ತಾವು. ಮತ್ತೇನ ಆಗಬೇಕು ನಿಮಗ?"

ಮೂರು ಡಬ್ಬಿ ತಂದೆ. ಒಳಗೊಂದು ಕಾಗದ ಮಡಚಿ ಇಟ್ಟಿದ್ದರು, ಸಾಸಿವೆಗಿಂತ ಸಣ್ಣ ಅಕ್ಷರ. ಓದಲಿಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ ಎಂಬುದು ನೆವ ಅಷ್ಟೆ, ಓದುವ ಮನಸ್ಸೇ ಇರಲಿಲ್ಲ.

ಪಂಪು ಹೊಡೆಯಲಿಕ್ಕೆ ಇಬ್ರಾಹಿಂಸಾಬನನ್ನು ಕರೆದೆ. ಊರಿನ ಅರ್ಧ ಹೊಲಗಳಿಗೆ ಹೊಡೆಯುವವನು ಅವನೇ. ಮೂಗಿಗೆ ಟವೆಲು ಸುತ್ತಿಕೊಂಡು ಡಬ್ಬಿಗಳನ್ನು ನೋಡಿ ಅವನು ಹುಬ್ಬು ಏರಿಸಿದ.

"ರೇವಪ್ಪಣ್ಣಾ, ಹೆಸರ ಏನಂತ ಬದಲಾಸೂಣು?"

"ಬಾಯಿ ಮುಚ್ಚಿ ಹೊಡಿಯೋ."

"ಹೊಡೀತೇನಿ. ಸಿದ್ದಲಿಂಗವ್ವಗ ಹೇಳೀಯೇನು?"

"ಹೇಳ್ತೇನಿ ತಗೋ! ನಿನ್ನ ಪಂಪ ನೋಡ್ಕೊ ನೀ."

ಹೊತ್ತು ಮುಳುಗುವ ತನಕ ಹೊಡೆದ. ಪಂಪು ತೊಳೆದದ್ದು ನನ್ನ ಹೊಲದ ಹೊಂಡದಲ್ಲೇ. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ತೇಲಿತು. ನಾನು ನೋಡುತ್ತ ನಿಂತಿದ್ದೆ.

ಮನೆಗೆ ಬರುವ ದಾರಿಯಲ್ಲಿ ಸಿದ್ದಲಿಂಗವ್ವನ ಮನೆ. ಅವಳು ನೆಗಡಿಯಾಗಿ ಒಳಗೆ ಮಲಗಿದ್ದಳು, ಕೆಮ್ಮು ಕೇಳಿಸುತ್ತಿತ್ತು. ಬಾಗಿಲಲ್ಲಿ ದಾನೇಶ್ವರಿ. ಮುಖ ಅರಳಿತ್ತು.

"ಕಾಕಾ, ಮೋಡ ಒಡದಾವ ನೋಡ್ರಿ. ಚಿಕ್ಕಿ ಕಾಣಾಕತ್ತಾವ. ನಾಳೆ ಬೀಳ್ತೈತಲ್ಲ?"

ಆಗ ಹೇಳಬೇಕಿತ್ತು. ಒಂದೇ ಮಾತು. ಕಟ್ಟೆಯ ಮೇಲೆ ಆಡಿದ ಮಾತು ಅಡ್ಡ ಬಂತು. "ಹೂಂ, ನೋಡೂಣು" ಎಂದು ಬಂದುಬಿಟ್ಟೆ. ಮೂಗು ಕಟ್ಟಿದ ಮುದುಕಿ ಬೆಳಗ್ಗೆ ಎಲ್ಲಿ ಏಳುತ್ತಾಳೆ, ಎದ್ದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ನಸುಕಿನಲ್ಲಿ ನನ್ನ ಹೆಂಡತಿ ಚನ್ನವ್ವ ಸಗಣಿಯ ಬುಟ್ಟಿ ಹಿಡಿದು ಒಳಗೆ ಬಂದವಳೇ, "ಸಿದ್ದಲಿಂಗವ್ವ ಅರಿವಿ ಹೆಗಲ ಮ್ಯಾಲ ಹಾಕ್ಕೊಂಡು ಹ್ವಾದ್ಲು. ನೆಗಡಿ ಹ್ಯಾಂಗೈತಿ ಅಂದೆ, ಮಾತಾಡ್ಲಿಲ್ಲ" ಎಂದಳು.

ಚಪ್ಪಲಿ ಇಲ್ಲದೆ ಓಡಿದೆ. ಒಡ್ಡು ಹತ್ತಿ ನೋಡಿದರೆ ಹೊಲದ ನಡುವೆ ಅವಳು. ಎರಡೂ ಕೈಯಲ್ಲಿ ಧೋತರದ ಅಂಚು ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಳು. ಎಣ್ಣೆ ಬಿದ್ದು ಒಂದೇ ರಾತ್ರಿಯಾಗಿತ್ತು, ಬಲೆಗಳು ಇನ್ನೂ ಹಾಗೆಯೇ ಇದ್ದವು. ಅವಳ ಗುರುತು ಅವಳಿಗೆ ಸುಳ್ಳು ಹೇಳಿತ್ತು. ಮೂಗೂ ಕಟ್ಟಿತ್ತು.

"ಯಕ್ಕಾ! ಹೊರಗ ಬಾ!"

ತಿರುಗಿ ನೋಡಲಿಲ್ಲ.

"ಏ ಯಕ್ಕಾ, ನನ್ನ ಹೊಲಾ ಬಿಟ್ಟು ಹೊರಗ ಬಾ ಅಂತೇನಿ!"

ಕೈ ಎತ್ತಿ, ಸುಮ್ಮನಿರು ಎಂಬ ಹಾಗೆ ಬೀಸಿದಳು. ಶೀಸೆಗೆ ಬೂಚು ಬಿದ್ದಿರಲಿಲ್ಲ, ಅವಳು ಮಾತಾಡುವಂತಿರಲಿಲ್ಲ. ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಆ ಹೊತ್ತಿಗೆ ಅವಳ ಮೌನ ನನ್ನನ್ನು ಧಿಕ್ಕರಿಸಿದ ಹಾಗೆ ಕಂಡಿತು. ಗಿಡ ತುಳಿಯುತ್ತ ಹೋಗಿ ಬಟ್ಟೆಗೆ ಕೈ ಹಾಕಿ ಕಿತ್ತುಕೊಂಡೆ. ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಶೀಸೆ ಎಳೆದು ಒಡ್ಡಿನ ಕಲ್ಲಿಗೆ ಬೀಸಿ ಒಗೆದೆ. ಅರ್ಧ ತುಂಬಿತ್ತು. ಎರೆಮಣ್ಣು ಒಂದು ಕ್ಷಣದಲ್ಲಿ ಕುಡಿದುಬಿಟ್ಟಿತು.

ಅವಳು ಒಡೆದ ಗಾಜು ನೋಡಿದಳು. ಆಮೇಲೆ ನನ್ನನ್ನು.

"ಬಸುರಿ ಹೆಣ್ಮಗಳ ಬಯಕಿ ಮಣ್ಣಾಗ ಚೆಲ್ಲಿದ್ಯೋ ರೇವ್ಯಾ. ನಿನಗ ಇಬ್ಬನಿನೂ ತುಟ್ಟಿ ಆಯ್ತೇನೋ?"

"ಎಣ್ಣಿ ಹೊಡದೇನಿ. ನಿನ್ನೆ ಸಂಜೀಕ."

"ಏನಂದಿ?"

"ಮೂರು ಕೂಡಿಸಿ ಹೊಡದೇನಿ ಯಕ್ಕಾ."

ಅವಳು ಸಿಟ್ಟಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳಿನಿಂದ ಮೆಲ್ಲಗೆ ತುಟಿ ಒರೆಸಿಕೊಂಡಳು.

"ಮೊದಲನೇ ಹನಿ ನಾಲಿಗಿಗೆ ಹಾಕ್ಕೊಂಡೇನಲ್ಲೋ," ಎಂದಳು. "ಯಾಕೋ ತುಟಿ ಜೋಮು ಹಿಡದಾವ ಅನ್ಕೊಂಡೆ. ಥಂಡಿಗೆ ಅನ್ಕೊಂಡೆ."

ಒಡ್ಡು ದಾಟುವಷ್ಟರಲ್ಲಿ ವಾಂತಿ ಶುರುವಾಯಿತು. ನಾನು ಮೋಟರ್ ಸೈಕಲ್ ತಂದು ಹೊಡೆದೆ, ಓಡಿ ಬಂದ ಇಬ್ರಾಹಿಂಸಾಬ ಹಿಂದೆ ಕುಳಿತು ಅವಳನ್ನು ತಬ್ಬಿ ಹಿಡಿದುಕೊಂಡ. ಸಿಂದಗಿಯ ಡಾಕ್ಟರು ಮೂರು ದಿನ ಇಟ್ಟುಕೊಂಡು ಉಳಿಸಿಕೊಟ್ಟರು. ಹನಿಗಿಂತ ಕೈಯಿಂದ ಹೆಚ್ಚು ಒಳಗೆ ಹೋಗಿದೆ, ಒಂದು ತಾಸು ಬಟ್ಟೆ ಹಿಂಡಿದ್ದಾಳಲ್ಲ ಎಂದರು. ಬಸುರಿ ಹುಡುಗಿ ಕುಡಿದಿದ್ದರೆ ಏನಾಗುತ್ತಿತ್ತು ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಹೊಲ ನೋಡಲಿಕ್ಕೆ ಹೋದೆ. ಹುಳ ಸತ್ತಿದ್ದವು, ಸುಳ್ಳು ಹೇಳುವುದಿಲ್ಲ. ಸಾಲುಗಳಲ್ಲಿ ಉದುರಿ ಕಪ್ಪಾಗಿದ್ದವು. ಅವುಗಳ ಜೊತೆ ಗುಲಗಂಜಿ ಹುಳ ಸತ್ತಿದ್ದವು, ಜೇನುನೊಣ ಸತ್ತಿದ್ದವು. ಒಡ್ಡಿನ ಬುಡದಲ್ಲಿ ಎರಡು ಗೊರವಂಕ ಕಾಲು ಮೇಲೆ ಮಾಡಿ ಬಿದ್ದಿದ್ದವು. ಹೊಂಡದಲ್ಲಿ ಕಪ್ಪೆಗಳು ಬಿಳಿ ಹೊಟ್ಟೆ ತೋರಿಸಿ ತೇಲುತ್ತಿದ್ದವು. ಕವಲುಗೋಲುಗಳೆಲ್ಲ ಖಾಲಿ. ಗಾಳಿಯ ಸಪ್ಪಳ ಬಿಟ್ಟರೆ ಮತ್ತೇನಿಲ್ಲ. ನನ್ನ ಹೊಲ ಇಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿರಲೇ ಇಲ್ಲ. ಇಪ್ಪತ್ತು ದಿನಕ್ಕೆ ಹುಳ ಮತ್ತೆ ಬಂತು. ಈ ಸಲ ತಿನ್ನುವವರು ಯಾರೂ ಉಳಿದಿರಲಿಲ್ಲ. ಅಂಗಡಿಯವನು ಫೋನು ಮಾಡಿ, "ಇನ್ನೊಂದು ಸುತ್ತ ಹೊಡೀಬೇಕ್ರಿ" ಎಂದ. ಅವನಿಗೆ ಏನು ಅಂದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಿದ್ದಲಿಂಗವ್ವ ಮನೆಗೆ ಬಂದಳು. ಅಂಗೈಯ ಚರ್ಮ ಎದ್ದುಹೋಗಿತ್ತು. ಗಂಡನ ಧೋತರವನ್ನು ಏಳು ನೀರಿನಲ್ಲಿ ನೆನೆಸಿದಳಂತೆ, ವಾಸನೆ ಹೋಗಲಿಲ್ಲ. ಸುಟ್ಟರೆ ಹೊಗೆ ಮನೆಗೆ ಬರುತ್ತದೆ ಎಂದು ಹಿತ್ತಲಲ್ಲಿ ಮೊಳದಾಳ ಅಗೆದು ಹೂಳಿದಳು. ಮೂವತ್ತು ವರ್ಷ ಸಾಬೂನು ಕಾಣದ ಬಟ್ಟೆ. ನಾನು ಬಾಗಿಲಿಗೆ ಹೋದರೆ ಒಳಗೆ ಎದ್ದು ಹೋಗುತ್ತಿದ್ದಳು. ಬೈಗುಳವಿಲ್ಲ, ಶಾಪವಿಲ್ಲ. ಹುಳಿ ಹಿಂಡಲಿಕ್ಕೆ ಹೋಗುವಾಗ ಇರುತ್ತಿದ್ದಳಲ್ಲ, ಹಾಗೆ.

ದಾನೇಶ್ವರಿಗೆ ಹೆಣ್ಣು ಹುಟ್ಟಿತು. ತಾಯಿ ಮಗು ಬದುಕಿದರು, ಆದರೆ ಮಗು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಬಯಕೆ ತೀರದ ಬಸುರಿಯ ಮಗುವಿಗೆ ಜೊಲ್ಲು ನಿಲ್ಲುವುದಿಲ್ಲ ಎನ್ನುತ್ತಾರೆ. ಅದು ಖರೆಯೋ ಸುಳ್ಳೋ, ಆ ಕೂಸಿನ ಗದ್ದ ಒಣಗಿದ್ದನ್ನು ನಾನಂತೂ ಕಾಣಲಿಲ್ಲ. ತೊಟ್ಟಿಲು ಹಾಕಿದ ದಿನ ಚನ್ನವ್ವನ ಹಿಂದೆ ನಿಂತು ನೋಡುತ್ತಿದ್ದೆ. ದಾನೇಶ್ವರಿ ಕೂಸಿನ ಬಾಯಿ ಒರೆಸುತ್ತ, "ನೋಡ್ರಿ ಕಾಕಾ, ನಿಮ್ಮ ಸಾಲ ಸೋರಾಕತ್ತೈತಿ" ಎಂದು ನಕ್ಕಳು. ಹೆಂಗಸರೂ ನಕ್ಕರು. ಸಿದ್ದಲಿಂಗವ್ವ ನಗಲಿಲ್ಲ.

ಆ ವರ್ಷವೆಲ್ಲ ನನಗೆ ಏನು ತಿಂದರೂ ಸಪ್ಪೆ. ಮನೆಯ ಗೂಡಿನಲ್ಲಿ ಹಳೆಯ ಹುಳಿ ಶೀಸೆಯೊಂದಿತ್ತು, ತಳದಲ್ಲಿ ಕರಿ ಕರೆ ಮಾತ್ರ. ಬೂಚು ತೆಗೆದು ಮೂಸುತ್ತಿದ್ದೆ. ಹತ್ತು ವರ್ಷದ ಹುಡುಗ, ಎದೆಯ ಮೇಲೆ ಮೊಣಕಾಲು, ಅಂಗಳ, ಅಪ್ಪನ ಕವಲುಗೋಲು, ಎಲ್ಲ ಅದರೊಳಗೆ ಇತ್ತು. ಮತ್ತೆ ಬೂಚು ಹಾಕಿ ಇಡುತ್ತಿದ್ದೆ. ಚನ್ನವ್ವ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಹೋದ ಹಿಂಗಾರಿಗೆ ಮತ್ತೆ ಕಡಲೆ ಬಿತ್ತಿದೆ. ಗಾಳಿಗೆ ಆಚೆ ಹೊಲದ ಎಣ್ಣೆ ತೇಲಿ ಬರದಿರಲಿ ಎಂದು ಸುತ್ತ ಹನ್ನೆರಡು ಸಾಲು ಜೋಳ ಹಾಕಿದೆ. ಕವಲುಗೋಲು ನೆಟ್ಟು, ಹಕ್ಕಿ ಬರಲಿ ಎಂದು ಕೆಳಗೆ ಹುರಿದ ಜೋಳ ಚೆಲ್ಲಿದೆ. ಹುಳ ಬಂದಾಗ ನಾನು, ಚನ್ನವ್ವ ಇಬ್ಬರೂ ಗಿಡಗಳ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲುಗಿಸಿ, ಬಿದ್ದ ಹುಳ ಆರಿಸಿ ಕೋಳಿಗೆ ಹಾಕಿದೆವು. ಹದಿನೆಂಟು ದಿನ, ಬೆನ್ನು ಬಿಲ್ಲಾಯಿತು. ಇಬ್ರಾಹಿಂಸಾಬ ಖಾಲಿ ಪಂಪು ಬೆನ್ನಿಗೆ ಹಾಕಿಕೊಂಡು ಒಡ್ಡಿನ ಮೇಲೆ ನಿಂತ.

"ರೇವಪ್ಪಣ್ಣಾ, ಹುಳಕ್ಕ ಒಂದೊಂದ ಹೆಸರ ಇಟ್ಟೀಯೇನು?"

"ಒಂದಕ್ಕ ಇಬ್ರಾಹಿಂಸಾಬ ಅಂತ ಇಟ್ಟೇನಿ. ಬಾ, ಹಿಡಿ ಬಾ."

ಅವನು ಪಂಪು ಇಳಿಸಿ ಬಂದ. ಎರಡು ದಿನ ಆರಿಸಿದ, ಕೂಲಿ ತೆಗೆದುಕೊಳ್ಳಲಿಲ್ಲ. ಮೂರರಲ್ಲಿ ಒಂದು ಪಾಲು ಹುಳ ತಿಂದೇ ಹೋಯಿತು. ಉಳಿದದ್ದು ಉಳಿಯಿತು.

ಮೊದಲ ಇಬ್ಬನಿ ಬೀಳುವ ಹಿಂದಿನ ದಿನ ಅವಳ ಬಾಗಿಲಿಗೆ ಹೋಗಿ ನಿಂತೆ. "ಈ ವರ್ಷ ಹೊಡದಿಲ್ಲ ಯಕ್ಕಾ" ಎಂದೆ. ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಅಷ್ಟೇ. ಮೂರು ಬೆಳಗು ನಾನು ಒಡ್ಡಿನ ಮೇಲೆ ಹೋಗಿ ಕುಳಿತೆ. ಇಬ್ಬನಿ ಬಿದ್ದು, ಹೊಳೆದು, ಆರಿಹೋಯಿತು. ಅವಳು ಬರಲಿಲ್ಲ.

ನಾಲ್ಕನೆಯ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಒಡ್ಡಿನ ಮೇಲೆ ನಿಂತಿದ್ದಳು. ಹೆಗಲ ಮೇಲೆ ಹೊಸ ಬಿಳಿ ಬಟ್ಟೆ, ದಾನೇಶ್ವರಿಯ ಬಾಣಂತನದ ಸೀರೆಯ ಅರ್ಧ. ಹೊಲದೊಳಗೆ ಇಳಿಯಲಿಲ್ಲ. ಜೇಡರ ಬಲೆಗಳನ್ನು ನೋಡುತ್ತಿದ್ದಳು. ನನ್ನನ್ನು ಕಂಡು ಬಟ್ಟೆ ತೆಗೆದು ನನ್ನ ಕಡೆ ಚಾಚಿದಳು. ಮಾತಿಲ್ಲ. ನಾನೂ ಮಾತಾಡಲಿಲ್ಲ.

ನನ್ನ ಜೀವನದಲ್ಲಿ ಮೊದಲ ಸಲ ಹುಳಿ ಎಳೆದೆ. ಬಟ್ಟೆ ಗಿಡಕ್ಕೆ ಸಿಕ್ಕಿ ಹರಿಯಿತು. ಅವಳು ಹಣೆ ಹಣೆ ಬಡಿದುಕೊಂಡಳು, ಕೈಯಿಂದ ಹೀಗೆ ಹೀಗೆ ಎಂದು ತೋರಿಸಿದಳು. ಎಂಟು ಸಾಲು ಎಳೆದು ಬಂದೆ. ಶೀಸೆ ನನ್ನ ಕೈಗೆ ಕೊಟ್ಟಳು, ಹಿಂಡಿದೆ. ಆಮೇಲೆ ಬೆರಳಿನಿಂದ ನನ್ನ ಬಾಯಿ ತೋರಿಸಿದಳು.

ಮೊದಲ ಹನಿ ನನಗೆ.

ನಾಲಿಗೆಗೆ ಹಾಕಿಕೊಂಡೆ. ಕಣ್ಣು ಮುಚ್ಚಿಹೋಯಿತು. ಅವಳು ಒಡ್ಡಿನ ಕಲ್ಲಿನ ಮೇಲೆ ಕುಳಿತು ನನ್ನ ಮುಖವನ್ನೇ ನೋಡಿದಳು. ಹೊತ್ತು ಮೂಡಿತು. ಇಬ್ಬನಿ ಆರಿತು. ಅವಳು ಅಲ್ಲಾಡಲಿಲ್ಲ, ನಾನೂ. ಒಂದು ತಾಸಿನ ಮೇಲೆ ನನ್ನ ತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಜೋಮು ಹಿಡಿದಿದೆಯೇ ಎಂಬ ಹಾಗೆ ಹುಬ್ಬೇರಿಸಿದಳು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಬೂಚು ಬಡಿದಳು. "ಅರಿವಿ ಎಳೆಯೂದು ಬರೂದಿಲ್ಲ ನಿನಗ. ಎಮ್ಮಿ ಮೈ ತಿಕ್ಕಿದಾಂಗ ತಿಕ್ತಿ" ಎಂದಳು. ಒಂದು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು.

ಮರುದಿನದಿಂದ ತಾನೇ ಎಳೆದಳು. ಶೀಸೆ ತುಂಬಿದ ಮೇಲೆ ಬಸ್ಸು ಹತ್ತಿ ಮಸೂತಿಗೆ ಒಯ್ದಳು. ಅಂದು ಸಂಜೆ ದಾನೇಶ್ವರಿ ಫೋನು ಮಾಡಿದಳು.

"ಕಾಕಾ, ರೊಟ್ಟಿಗೆ ಹಚ್ಚಿ ತಿಂದೆ. ಹುಳಿ ಖರೇನ ಐತಿ."

"ಅದ ಹುಳಿ ಹೌದಲ್ಲ ತಂಗಿ?"

ಹಿಂದೆ ಕೂಸು ಏನೋ ಗುನುಗುತ್ತಿತ್ತು.

"ಅದ ರೀ. ಆದ್ರ ಆವಾಗ ಬೇಕಾಗಿತ್ತಲ್ರಿ, ಆ ನಾಲಿಗಿ ಈಗಿಲ್ಲ. ಕೂಸಿಗೆ ಒಂದ ಹನಿ ನೆಕ್ಕಿಸೇನಿ. ಮಾರಿ ಕಿವುಚಿ ಮತ್ತ ಬಾಯಿ ತಗದಾಳ."

ಈ ಚಳಿಗಾಲಕ್ಕೂ ಸಿದ್ದಲಿಂಗವ್ವ ಬರುತ್ತಿದ್ದಾಳೆ. ಗೊರವಂಕ ನಾಲ್ಕೈದು ಬಂದಿವೆ. ಕಾಜಾಣ ಒಂದೂ ಇಲ್ಲ, ಗೋಲುಗಳನ್ನು ನೆಡುವುದನ್ನು ನಾನು ಬಿಟ್ಟಿಲ್ಲ. ನಿನ್ನೆ ಬೆಳಗ್ಗೆ ಅವಳು ನನ್ನ ಹೊಲದ ಕೊನೆಯ ಸಾಲು ಎಳೆದು ಮುಗಿಸಿ, ಜೋಳದ ಸಾಲು ದಾಟಿ ಆಚೆ ಒಡ್ಡಿನ ಮೇಲೆ ಹೋಗಿ ನಿಂತಳು. ಶೀಸೆ ಮುಕ್ಕಾಲು ತುಂಬಿತ್ತು. ಅಲ್ಲಿಂದ ಮುಂದೆ, ಮೊದಲು ಅವಳು ಸುತ್ತುತ್ತಿದ್ದ ಮೂವತ್ತು ಹೊಲಗಳು ಒಂದರ ಹಿಂದೊಂದು ಹಸಿರಾಗಿ ಬಿದ್ದಿದ್ದವು. ಎಲ್ಲದರ ಮೇಲೂ ಇಬ್ಬನಿ ಹೊಳೆಯುತ್ತಿತ್ತು. ಅವಳು ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನೋಡಿದಳು. ಬಲೆ ಹುಡುಕುತ್ತಿದ್ದಳು.

ಆಮೇಲೆ ಬಟ್ಟೆ ಮಡಚಿ ಹೆಗಲಿಗೆ ಹಾಕಿಕೊಂಡು ತಿರುಗಿದಳು.